ಬೆರಳಿನ ಗುರುತು

ನನ್ನ ಮಡಚುವ ಫೋನು ಒಮ್ಮೊಮ್ಮೆ ನನ್ನ ಬೆರಳನ್ನು ಒಪ್ಪುವುದಿಲ್ಲ. ಇಂಥ ಅನೇಕ ಫೋನುಗಳಲ್ಲಿ ಬೆರಳಚ್ಚು ಓದುವ ಸಂವೇದಕವು ಪಕ್ಕದ ಗುಂಡಿಯಲ್ಲಿರುತ್ತದೆ. ಚರ್ಮದ ಏಣು ತಗ್ಗುಗಳ ನಡುವಣ ಸೂಕ್ಷ್ಮ ವಿದ್ಯುತ್ ವ್ಯತ್ಯಾಸವನ್ನು ಅದು ಅಳೆಯುತ್ತದೆ. ಬೆರಳು ಒದ್ದೆಯಾದರೆ, ಬಿರಿದರೆ, ಗುಂಡಿಗೆ ಜಿಡ್ಡು ಹತ್ತಿದರೆ ಅಳತೆ ತಪ್ಪುತ್ತದೆ. ಆಗ ಗುಂಡಿಯನ್ನು ಒಣಬಟ್ಟೆಯಿಂದ ಒರೆಸಿ, ಫೋನನ್ನು ಆರಿಸಿ ಮತ್ತೆ ಚಾಲೂ ಮಾಡಬೇಕು. ಅದೂ ಫಲಿಸದಿದ್ದರೆ ಹಳೆಯ ಅಚ್ಚನ್ನು ಅಳಿಸಿ, ಫೋನನ್ನು ನಿತ್ಯ ಹಿಡಿಯುವಂತೆಯೇ ಹಿಡಿದು ಹೊಸದಾಗಿ ದಾಖಲಿಸಬೇಕು. ಅದುವರೆಗೆ ಸಂಕೇತಸಂಖ್ಯೆಯೆಂಬ ಇನ್ನೊಂದು ಬಾಗಿಲುಂಟು.

ಪಡಿತರದಂಗಡಿಯಲ್ಲಿಯೂ ಆ ಇನ್ನೊಂದು ಬಾಗಿಲು ಬೇಕು. ನಮ್ಮ ನಗರಗೆರೆಯಲ್ಲಿ ಕಳೆ ಕೀಳುವವರ, ಶಿಡ್ಲಘಟ್ಟದಲ್ಲಿ ಬಿಸಿನೀರಿನ ಗೂಡಿನಿಂದ ರೇಷ್ಮೆನೂಲು ಬಿಚ್ಚುವವರ ಬೆರಳಿನ ಏಣುಗಳು ಸವೆದಿರುವುದುಂಟು. ಬೆರಳಚ್ಚು ಹೊಂದದಿದ್ದರೂ ಅರ್ಹರಿಗೆ ಪಡಿತರ ನಿರಾಕರಿಸಕೂಡದೆಂದು ಆಧಾರ್ ಪ್ರಾಧಿಕಾರವು 2017ರ ಅಕ್ಟೋಬರಿನ ಸುತ್ತೋಲೆಯಲ್ಲಿ ತಿಳಿಸಿತು. ಅದನ್ನು ನೆನಪಿಸಿ ಕೇಳುವುದು ಭಿಕ್ಷೆಯಲ್ಲ, ಹಕ್ಕು.