ಕುಣಿಕೆಯೊಳಗೊಂದು ಕುಣಿಕೆ

ದಾರವನ್ನು ಎಷ್ಟು ಜಗ್ಗಿದರೂ ಅದು ಹಿಗ್ಗಿದಂತೆ ತೋರುವುದಿಲ್ಲ; ಅದೇ ದಾರದಿಂದ ಹೆಣೆದ ಕೈಗವಸಾದರೋ ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಕುಗ್ಗುತ್ತದೆ. ಇದರ ಮರ್ಮವೇನು? ಬಾಗಲಕೋಟೆಯ ನಮ್ಮ ತರಗತಿಯಲ್ಲಿ ಸ್ಥಿತಿಸ್ಥಾಪಕತ್ವದ ಪಾಠ ಮುಗಿದ ದಿನ, ಇಳಕಲ್ಲಿನಿಂದ ಬರುವ ವಿದ್ಯಾರ್ಥಿನಿಯೊಬ್ಬಳು ಈ ಪ್ರಶ್ನೆಯನ್ನು ನಮ್ಮ ಮುಂದಿಟ್ಟಳು. ಅವಳ ಮಾತಿನಲ್ಲಿಯೇ ಹೇಳುವುದಾದರೆ, “ಸರ್, ದಾರ ಹಿಗ್ಗಂಗಿಲ್ಲ, ಗವಸು ಯಾಕ ಹಿಗ್ಗತೈತ್ರಿ?” ಯಂಗನ ಗುಣಾಂಕವನ್ನು ಆಗತಾನೆ ಕರಿಹಲಗೆಯ ಮೇಲೆ ಬರೆದಿದ್ದ ನಮಗೆ ಕೂಡಲೇ ಉತ್ತರ ಹೊಳೆಯಲಿಲ್ಲವೆಂದು ಒಪ್ಪಿಕೊಳ್ಳುವುದೇ ಮೇಲು.

ಅವಳ ಕೈಯಲ್ಲಿದ್ದುದು ಅರ್ಧ ಮುಗಿದ ಕ್ರೋಶಾ ಹೆಣಿಗೆ. ಮಣಿಕಟ್ಟನ್ನೂ ಅಂಗೈಯನ್ನೂ ಮುಚ್ಚಿ, ಬೆರಳುಗಳನ್ನು ಬಯಲಿಗೆ ಬಿಡುವ ಕೈಗವಸು. ಅದನ್ನು ಅವಳು ತನ್ನ ಆಯಿಗಾಗಿ ಹೆಣೆಯುತ್ತಿದ್ದಳು. ಹಿಂದೆ ಹುನಗುಂದ ತಾಲೂಕಿಗೆ ಸೇರಿದ್ದು ಈಗ ತಾನೇ ತಾಲೂಕು ಕೇಂದ್ರವಾಗಿರುವ ಇಳಕಲ್ಲಿನ ಸೀರೆಯನ್ನು ತಿಳಿಯದವರಿಲ್ಲ. ಆ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿಗೆ ಹತ್ತಿಯನ್ನೋ ಕೃತಕ ರೇಷ್ಮೆಯನ್ನೋ ರೇಷ್ಮೆಯನ್ನೋ ಬಳಸುತ್ತಾರೆ. ಸೆರಗಿಗೆ ಕೆಂಪು ರೇಷ್ಮೆ. ಈ ಎರಡು ಹಾಸುಗಳ ಎಳೆಗಳನ್ನು ಕುಣಿಕೆಯೊಳಗೆ ಕುಣಿಕೆಯಾಗಿ ಸಿಕ್ಕಿಸಿ ಕೂಡಿಸುವ ಕ್ರಮಕ್ಕೆ ತೋಪು-ತೆನಿ ಎಂದು ಹೆಸರು. ಸೀರೆಯ ಅಗಲದುದ್ದಕ್ಕೂ ಇರುವ ಸಾವಿರಾರು ಎಳೆಗಳನ್ನು ಕೂಡಿಸುವ ಈ ಕೆಲಸವನ್ನು ಆ ಮುದುಕಿ ದೃಷ್ಟಿ ಮಂದವಾದ ಮೇಲೆಯೂ ಬೆರಳ ತುದಿಯ ಸ್ಪರ್ಶದಿಂದಲೇ ನಡೆಸುತ್ತಿದ್ದಳು. ಚಳಿಗಾಲದ ಬೆಳಗಿನಲ್ಲಿ ಮಾತ್ರ ಬೆರಳುಗಳು ಸೆಟೆದುಕೊಂಡು ಎಳೆ ಕೈಗೆ ಹತ್ತುತ್ತಿರಲಿಲ್ಲ. ಪೂರ್ಣ ಗವಸು ತೊಟ್ಟರೆ ಸ್ಪರ್ಶವೇ ಇಲ್ಲ. ಏನೂ ತೊಡದಿದ್ದರೆ ಬೆರಳು ಮಣಿಯದು. ಆದುದರಿಂದ ಈ ಬೆರಳಿಲ್ಲದ ಗವಸು.

ನಮ್ಮ ಸೀಮೆಯಲ್ಲಿ ಅಂಥ ಚಳಿ ಎಲ್ಲಿಯದು ಎಂದು ಕೇಳುವವರು ಪುಷ್ಯಮಾಸದ ಒಂದು ಬೆಳಗು ಬಾದಾಮಿಯ ಮೇಣಬಸದಿಯ ಮೆಟ್ಟಿಲ ಮೇಲೆ ಬರಿಗಾಲಿನಲ್ಲಿ ನಿಂತು ನೋಡಬೇಕು. ಮೋಡವಿಲ್ಲದ ಒಣ ಆಕಾಶದ ಕೆಳಗೆ ನೆಲವೂ ಬಂಡೆಯೂ ರಾತ್ರಿಯೆಲ್ಲ ತಮ್ಮ ಶಾಖವನ್ನು ವಿಕಿರಣದ ಮೂಲಕ ಮೇಲಕ್ಕೆ ಚೆಲ್ಲುತ್ತವೆ. ಅದನ್ನು ತಡೆಯುವ ಆವಿಯ ಹೊದಿಕೆ ಅಲ್ಲಿ ತೆಳುವು.

ಇನ್ನು ಮೂಲ ಪ್ರಶ್ನೆಗೆ ಬರೋಣ. ಮೊದಲು ಒಂದು ನೇಯ್ದ ಕರವಸ್ತ್ರವನ್ನು ತೆಗೆದುಕೊಳ್ಳಿರಿ. ಹಾಸಿನ ದಿಕ್ಕಿನಲ್ಲಿ ಎಳೆಯಿರಿ, ಹೊಕ್ಕಿನ ದಿಕ್ಕಿನಲ್ಲಿ ಎಳೆಯಿರಿ, ಬಟ್ಟೆ ಅಲುಗದು. ಮೂಲೆಯಿಂದ ಮೂಲೆಗೆ ಎಳೆದರೆ ಮಾತ್ರ ಹಿಗ್ಗುತ್ತದೆ. ಮೊದಲೆರಡು ಸಲ ನೀವು ನೂಲನ್ನೇ ಎಳೆದಿರಿ. ಮೂರನೆಯ ಸಲ ನೂಲುಗಳ ನಡುವಣ ಕೋನ ಬದಲಾಯಿತು, ಸಣ್ಣ ಚೌಕಗಳು ವಜ್ರಾಕೃತಿಯಾದುವು. ನೂಲಿನ ಉದ್ದ ಹಾಗೆಯೇ ಉಳಿಯಿತು.

ಹೆಣಿಗೆಯಲ್ಲಿ ನೂಲು ಎಲ್ಲಿಯೂ ನೇರವಾಗಿ ಓಡುವುದೇ ಇಲ್ಲ. ಕ್ರೋಶಾ ಎಂಬ ಫ್ರೆಂಚ್ ಮೂಲದ ಮಾತಿಗೆ ಸಣ್ಣ ಕೊಕ್ಕೆ ಎಂದರ್ಥ. ಕಡ್ಡಿಯ ಕೊಕ್ಕೆ ದಾರವನ್ನು ಹಿಡಿದು ಹಿಂದಿನ ಕುಣಿಕೆಯೊಳಗಿಂದ ಈಚೆಗೆ ಎಳೆಯುತ್ತದೆ. ಅದೇ ಹೊಸ ಕುಣಿಕೆ. ಇಂತಹ ಕುಣಿಕೆಯನ್ನು ಅಡ್ಡಕ್ಕೆ ಎಳೆದಾಗ ಎತ್ತರ ತಗ್ಗಿ ಅಗಲ ಹೆಚ್ಚುತ್ತದೆ. ದಾರದ ಉದ್ದ ಕೂದಲೆಳೆಯಷ್ಟೂ ಹೆಚ್ಚದೆ ಬಟ್ಟೆ ಹಿಗ್ಗಿತು! ಹಾಗೆ ಹಿಗ್ಗುವಾಗ ದಾರದ ಬಾಗು ಬದಲಾಗುತ್ತದೆ, ಆ ಬಾಗಿನಲ್ಲಿ ಶಕ್ತಿ ಸಂಗ್ರಹವಾಗುತ್ತದೆ. ಕೈ ಬಿಟ್ಟೊಡನೆ ಆ ಶಕ್ತಿಯೇ ಕುಣಿಕೆಯನ್ನು ಮೊದಲಿನ ಆಕಾರಕ್ಕೆ ತರುತ್ತದೆ. ಗವಸಿನ ಸ್ಥಿತಿಸ್ಥಾಪಕತ್ವ ಬಹುಮಟ್ಟಿಗೆ ದಾರದ ಕರ್ಷಣದ್ದಲ್ಲ, ಬಾಗುವಿಕೆಯದು. ನಮ್ಮ ಕರಿಹಲಗೆಯ ಮೇಲಿನ ಸೂತ್ರ ಸುಳ್ಳಾಗಿರಲಿಲ್ಲ; ಈ ಪ್ರಶ್ನೆಗೆ ಸಲ್ಲುತ್ತಿರಲಿಲ್ಲ, ಅಷ್ಟೆ.

ಹಾಗಾದರೆ ಗಂಟೇ ಇಲ್ಲದ ಕುಣಿಕೆಗಳು ಜಾರಿ ಬಿಚ್ಚಿಹೋಗುವುದಿಲ್ಲವೇಕೆ? ಇಲ್ಲಿ ಘರ್ಷಣೆ ನೆರವಿಗೆ ಬರುತ್ತದೆ. ಎತ್ತಿನ ಹಗ್ಗವನ್ನು ಕಂಬಕ್ಕೆ ಎರಡು ಸುತ್ತು ಸುತ್ತಿ ತುದಿಯನ್ನು ಹಗುರವಾಗಿ ಹಿಡಿದ ಹುಡುಗನನ್ನು ಸಂತೆಯಲ್ಲಿ ನೀವು ಕಂಡಿರಬಹುದು. ಎತ್ತು ಜಗ್ಗಿದರೂ ಹುಡುಗ ಕದಲುವುದಿಲ್ಲ. ೧೮ನೆಯ ಶತಮಾನದಲ್ಲಿ ಆಯ್ಲರ್ ಇದರ ಲೆಕ್ಕವನ್ನು ಬಿಡಿಸಿದನು. ಸುತ್ತು ಹೆಚ್ಚಿದಂತೆ ಹಿಡಿತ ಕೂಡುತ್ತ ಹೋಗುವುದಿಲ್ಲ, ಗುಣಿಸುತ್ತ ಹೋಗುತ್ತದೆ. ಘರ್ಷಣಾಂಕ ೦.೩ ಎಂದು ಹಿಡಿದರೆ ಅರ್ಧ ಸುತ್ತಿಗೆ ಸುಮಾರು ಎರಡೂವರೆ ಪಟ್ಟು, ಒಂದು ಸುತ್ತಿಗೆ ಆರೂವರೆ ಪಟ್ಟು, ಎರಡು ಸುತ್ತಿಗೆ ೪೩ ಪಟ್ಟು. ಹೆಣಿಗೆಯ ದಾರವಾದರೋ ಪ್ರತಿ ಕುಣಿಕೆಯಲ್ಲಿಯೂ ತನ್ನನ್ನು ತಾನೇ ಹಲವು ಬಾರಿ ಬಳಸುತ್ತದೆ.

ಗುಣಾಕಾರದಲ್ಲಿ ಒಂದು ಅಪಾಯವೂ ಉಂಟು: ಸೊನ್ನೆಯನ್ನು ೪೩ರಿಂದ ಗುಣಿಸಿದರೂ ಬರುವುದು ಸೊನ್ನೆಯೇ. ಹಗ್ಗದ ತುದಿಯನ್ನು ಹುಡುಗ ಪೂರ್ತಿ ಕೈಬಿಟ್ಟರೆ ಸುತ್ತು ಉಳಿಯದು. ಕ್ರೋಶಾದಲ್ಲಿ ತೆರೆದಿರುವುದು ಕಡೆಯ ಕುಣಿಕೆಯೊಂದೇ. ಅದರೊಳಗೆ ದಾರದ ತುದಿಯನ್ನು ತೂರಿಸಿ ಬಿಗಿಯದಿದ್ದರೆ, ಒಂದು ವಾರದ ಕೆಲಸ ಒಂದು ನಿಮಿಷದಲ್ಲಿ ಬಿಚ್ಚಿಬರುತ್ತದೆ. ಎರಡು ಕಡ್ಡಿಗಳ ಸ್ವೆಟರ್ ಹೆಣಿಗೆಯಲ್ಲಿ ಸಾಲಿನ ಎಲ್ಲ ಕುಣಿಕೆಗಳೂ ತೆರೆದಿರುವುದರಿಂದ ಒಂದು ತಪ್ಪಿದರೂ ಏಣಿಯಂತೆ ಕೆಳಗಿನವರೆಗೆ ಇಳಿಯುತ್ತದೆ. ತೋಪು-ತೆನಿಯಲ್ಲಿ ಎರಡೂ ಕಡೆಯ ಎಳೆಗಳು ಮಗ್ಗದ ಬಿಗಿತದಲ್ಲಿರುತ್ತವೆ. ಒಂದರ ಕುಣಿಕೆಯಲ್ಲಿ ಇನ್ನೊಂದು ಕುಣಿಕೆ ಸಿಕ್ಕಿರುವ ತನಕ ಎಳೆದಷ್ಟೂ ಹಿಡಿತ ಗಟ್ಟಿ. ಕೂಡುವ ಸ್ಥಳದಲ್ಲಿ ಪ್ರತಿ ಕುಣಿಕೆಗೂ ಎರಡು ಕಾಲುಗಳಿರುವುದರಿಂದ ಭಾರವೂ ಎರಡು ಪಾಲಾಗುತ್ತದೆ.

ಈಗ ಗವಸಿನ ಲೆಕ್ಕ. ಕೈಯ ಗೆಣ್ಣುಗಳ ಸುತ್ತಳತೆ ೨೦ ಸೆಂಟಿಮೀಟರು ಇದ್ದರೆ ಗವಸು ೧೮ ಸೆಂಟಿಮೀಟರು ಇರಬೇಕು. ಹಿಗ್ಗಿ ಒಳಹೊಕ್ಕು, ಕುಗ್ಗಿ ಮಣಿಕಟ್ಟನ್ನು ಹಿಡಿಯಬೇಕಲ್ಲವೆ? ಕುಣಿಕೆಯ ಹಿಂದಿನ ಎಳೆಯಲ್ಲಿ ಮಾತ್ರ ಕೊಕ್ಕೆ ತೂರಿಸಿ ಹೆಣೆದರೆ ಬಟ್ಟೆಯಲ್ಲಿ ಏಣುಗಳು ಮೂಡಿ, ಹಾರ್ಮೋನಿಯಮ್ಮಿನ ತಿದಿಯ ಮಡಿಕೆಗಳಂತೆ ಬಿಚ್ಚಿ ಮುಚ್ಚುತ್ತವೆ. ಸಾಲುಗಳು ಮುಂಗೈಯ ಉದ್ದಕ್ಕೆ ಓಡಿದರೆ ಹಿಗ್ಗುವಿಕೆ ಕೈಯ ಸುತ್ತಲೂ ದೊರೆಯುತ್ತದೆ. ನಮ್ಮ ವಿದ್ಯಾರ್ಥಿನಿಯ ಹೆಣಿಗೆಯಲ್ಲಿ ೧೦ ಸೆಂಟಿಮೀಟರಿಗೆ ೧೮ ಸಾಲು. ಆದುದರಿಂದ ೩೨ ಸಾಲು ಹೆಣೆದು, ಮಡಿಸಿ, ಹೆಬ್ಬೆರಳಿಗೆ ಸಂದು ಬಿಟ್ಟು ಅಂಚು ಕೂಡಿಸಿದಳು. ಎರಡನೆಯ ಕೈಯದನ್ನು ಹೆಣೆದದ್ದು ಬೆಳಗಿನ ಬಸ್ಸಿನಲ್ಲಿ. ಹುನಗುಂದ ದಾಟುವ ತನಕ ನಿಂತೇ ಬರಬೇಕಾಗಿ ಅವಳ ಕೈ ಬಿಗಿಯಾಯಿತು. ೧೦ ಸೆಂಟಿಮೀಟರಿಗೆ ೨೦ ಸಾಲು ಬಿದ್ದುವು. ಅದೇ ೩೨ ಸಾಲಿಗೆ ೧೬ ಸೆಂಟಿಮೀಟರು! ಬಲಗೈ ಗವಸು ಗೆಣ್ಣು ದಾಟಲಿಲ್ಲ. ಪೂರ್ತಿ ಬಿಚ್ಚಿ ಮತ್ತೆ ಹೆಣೆದಳು.

ಹೆಬ್ಬೆರಳಿನ ಸಂದಿಗೆ ಅಂಚು ಕಟ್ಟುವಾಗ ಇನ್ನೊಂದು ವಿನೋದ ನಡೆಯಿತು. ಪ್ರತಿ ಸುತ್ತಿನಲ್ಲಿಯೂ ಬೇಕಾದುದಕ್ಕಿಂತ ಹೆಚ್ಚು ಕುಣಿಕೆ ಸೇರಿಸಿದ್ದರಿಂದ ಅಂಚು ಕೋಸಿನೆಲೆಯಂತೆ ನಿರಿಗಟ್ಟಿತು. ಇದನ್ನು ತಪ್ಪೆಂದು ನಗಬಾರದು. ೧೯೯೭ರಲ್ಲಿ ಅಮೆರಿಕೆಯ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ಡೈನಾ ಟೈಮಿನಾ ಎಂಬ ಗಣಿತಜ್ಞೆ, ಸಾಲುಸಾಲಿಗೆ ಒಂದೇ ಅನುಪಾತದಲ್ಲಿ ಕುಣಿಕೆಗಳನ್ನು ಹೆಚ್ಚಿಸುತ್ತ, ಯೂಕ್ಲಿಡನ ನಿಯಮಕ್ಕೆ ಮಣಿಯದ ಅತಿಪರವಲಯ ಜ್ಯಾಮಿತಿಯ ತಲವನ್ನು ಕ್ರೋಶಾದಲ್ಲಿಯೇ ಹೆಣೆದು ಕೈಗಿತ್ತರು.

ಬೆರಳು ಬಯಲಿಗಿದ್ದರೂ ಬೆಚ್ಚಗಾಗುವುದು ಹೇಗೆಂದು ಕೇಳಬಹುದು. ಬೆರಳಿಗೆ ಹೋಗುವ ರಕ್ತ ಮಣಿಕಟ್ಟಿನ ಮೂಲಕವೇ ಹಾದುಹೋಗಬೇಕು; ಅಲ್ಲಿ ರಕ್ತನಾಳಗಳು ಚರ್ಮಕ್ಕೆ ಸಮೀಪ. ಕುಣಿಕೆಗಳ ನಡುವೆ ಸೆರೆಯಾದ ನಿಶ್ಚಲ ವಾಯು ಶಾಖವನ್ನು ಸುಲಭವಾಗಿ ಬಿಟ್ಟುಕೊಡದು. ದಾರಿಯಲ್ಲಿ ಶಾಖ ಕಳೆಯದ ರಕ್ತ ಬೆರಳನ್ನು ತಲುಪುತ್ತದೆ. ತುದಿಯ ನಷ್ಟ ಮಾತ್ರ ಇದ್ದೇ ಇದೆ.

ನೇಯ್ಗೆಗೂ ಕಡ್ಡಿ ಹೆಣಿಗೆಗೂ ಯಂತ್ರಗಳು ಬಂದು ಬಹುಕಾಲವಾಯಿತು. ಇಂಗ್ಲೆಂಡಿನ ವಿಲಿಯಂ ಲೀ ಹೆಣಿಗೆಯ ಯಂತ್ರವನ್ನು ರಚಿಸಿದ್ದು ೧೫೮೯ರಲ್ಲಿ. ಕ್ರೋಶಾಕ್ಕೆ ಪ್ರಯೋಗಶಾಲೆಯ ಪ್ರಯತ್ನಗಳುಂಟೇ ಹೊರತು, ಅಂಗಡಿಗೆ ಬರುವ ಮಾಲೆಲ್ಲವೂ ಇಂದಿಗೂ ಯಾರದೋ ಕೈಯಿಂದಲೇ ಬಂದದ್ದು. ಗೋದಾವರಿ ತೀರದ ನರಸಾಪುರದ ಲೇಸು ಮನೆಮನೆಯ ಹೆಂಗಸರ ದುಡಿಮೆ. ೧೯೮೨ರಲ್ಲಿ ಮರಿಯಾ ಮೀಸ್ ಅವರು ಪ್ರಕಟಿಸಿದ ಅಧ್ಯಯನವು ಆ ದುಡಿಮೆಯನ್ನು ‘ಬಿಡುವಿನ ಕೆಲಸ’ವೆಂದು ಕರೆದೇ ಕೂಲಿ ತಗ್ಗಿಸಿದ ಬಗೆಯನ್ನು ತೋರಿಸಿತು. ಇಳಕಲ್ಲಿನಲ್ಲಿಯೂ ವಿದ್ಯುನ್ಮಗ್ಗದ ಅಗ್ಗದ ಸೀರೆಯಲ್ಲಿ ತೋಪು-ತೆನಿಯ ಕೂಡಿಕೆ ಸಾಮಾನ್ಯವಾಗಿ ಇರುವುದಿಲ್ಲ. ಕೊಳ್ಳುವವರು ಒಡಲೂ ಸೆರಗೂ ಸೇರುವ ಗೆರೆಯನ್ನು ತಿರುವಿ ನೋಡುವುದು ಒಳ್ಳೆಯದು.

ಗವಸೇನೋ ಮುಗಿಯಿತು. ಆಯಿ ತೊಟ್ಟು ಎರಡು ದಿನ ಕೆಲಸ ಮಾಡಿ, ಉಣ್ಣೆಯ ನವಿರು ರೇಷ್ಮೆಯ ಎಳೆಗೆ ತೊಡರುತ್ತದೆಂದು ಬಿಚ್ಚಿಟ್ಟಳಂತೆ. ಹತ್ತಿಯ ನೂಲಿನಿಂದ ಹೆಣೆದರೆ ತೊಡರದು. ಆದರೆ ಹತ್ತಿಗೆ ಉಣ್ಣೆಯಂತೆ ಮರಳಿ ಕುಗ್ಗುವ ಗುಣ ಕಡಮೆ, ಬೇಗ ಸಡಿಲವಾಗುತ್ತದೆ. ೨೯ ಸಾಲಿಗೆ ಇಳಿಸಿ ನೋಡೆಂದು ನಾವು ಸೂಚಿಸಿದೆವು. ಹತ್ತಿಯ ಆ ಜೊತೆಯಲ್ಲಿ ಎಡಗೈಯದನ್ನು ಆಯಿ ಈಗ ದಿನವೂ ತೊಡುತ್ತಾಳೆ. ಬಲಗೈಯದಕ್ಕೆ ಇನ್ನೂ ಒಪ್ಪಿಗೆ ಸಿಕ್ಕಿಲ್ಲ.