ನಾಯಿಗೆ ಮನುಷ್ಯರ ಮಾತ್ರೆ ಕೊಡಬಹುದೇ? ಡಾಕ್ಟರ ಚೀಟಿಯಲ್ಲಿ ಏನಿರಬೇಕು?

ವಾಟ್ಸಾಪ್‌ನಲ್ಲಿ ಆಗಾಗ ಸುತ್ತಿ ಬರುವ ಒಂದು ಬಗೆಯ ಸಂದೇಶವಿದೆ. ಪ್ರಾಣಿಗಳ ಡಾಕ್ಟರು ನೂರಾರು ರೂಪಾಯಿಗೆ ಕೊಡುವ ಔಷಧ ಮೆಡಿಕಲ್ ಶಾಪಿನಲ್ಲಿ ಹತ್ತಿಪ್ಪತ್ತು ರೂಪಾಯಿಗೆ ಸಿಗುತ್ತದೆ, ಒಳಗಿರುವುದು ಎರಡರಲ್ಲೂ ಒಂದೇ, ನಾಯಿಗೆ ಜ್ವರವೋ ಕಾಲುನೋವೋ ಬಂದರೆ ಮನೆಯಲ್ಲಿರುವ ಮಾತ್ರೆಯನ್ನೇ ಅರ್ಧ ಮಾಡಿ ಕೊಡಿ ಎನ್ನುವುದು ಅದರ ಸಾರಾಂಶ. ನಾಯಿ ಸಾಕಿದವರಿಗೆಲ್ಲ ಕಳಿಸಿ ಎಂಬ ಕೋರಿಕೆಯೂ ಕೊನೆಯಲ್ಲಿ ಇರುತ್ತದೆ.

ತೊಂದರೆ ಏನೆಂದರೆ, ಈ ಸಂದೇಶದ ಮೊದಲರ್ಧದಲ್ಲಿ ಒಂದಿಷ್ಟು ಸತ್ಯವಿದೆ. ಆದ್ದರಿಂದಲೇ ಜನ ಎರಡನೆಯ ಅರ್ಧವನ್ನೂ ನಂಬಿಬಿಡುತ್ತಾರೆ. ನಮ್ಮ ಮನೆಯಲ್ಲೂ ನಂಬಿದ್ದೆವು.

ನಮ್ಮ ರಾಜ ಹದಿನಾಲ್ಕು ಕೆಜಿ ತೂಕದ ನಾಟಿ ನಾಯಿ. ಮೈ ಕೆರೆದುಕೊಂಡು ಗಾಯ ಮಾಡಿಕೊಳ್ಳುತ್ತಿದ್ದ ಎಂದು ಡಾಕ್ಟರ ಹತ್ತಿರ ಕರೆದೊಯ್ದಾಗ ಅವರು ಚೀಟಿ ಬರೆಯಲಿಲ್ಲ. ಡಬ್ಬಿಯಿಂದ ಬಿಳಿ ಮಾತ್ರೆ ಎಣಿಸಿ, ಸಣ್ಣ ಕಾಗದದ ಕವರಿಗೆ ಹಾಕಿ, ಮೇಲೆ '1-0-1' ಎಂದು ಬರೆದುಕೊಟ್ಟರು. ಯಾವ ಮಾತ್ರೆ ಎಂದು ಅಪ್ಪ ಕೇಳಿದ್ದಕ್ಕೆ "ಕೆರೆತಕ್ಕೆ" ಎಂದರಷ್ಟೆ. ಕೆರೆತವೇನೋ ಎರಡೇ ದಿನಕ್ಕೆ ಕಡಿಮೆಯಾಯಿತು. ನಾಲ್ಕನೇ ದಿನ ಅವನು ಮೆಟ್ಟಿಲಿನಿಂದ ಹಾರಿ ಕುಂಟತೊಡಗಿದ. ಮತ್ತೆ ಅಲ್ಲಿಗೆ ಹೋದರೆ ಮತ್ತೆ ಫೀಸು, ಮತ್ತೆ ಹೆಸರಿಲ್ಲದ ಕವರು ಎಂದುಕೊಂಡ ಅಪ್ಪ, ಗ್ರೂಪಿನಲ್ಲಿ ಬಂದ ಸಲಹೆಯಂತೆ ಮನೆಯಲ್ಲಿದ್ದ ನೋವಿನ ಮಾತ್ರೆಯನ್ನು ಅರ್ಧ ಮಾಡಿ ಬೆಲ್ಲದಲ್ಲಿಟ್ಟು ಕೊಟ್ಟರು. ಹೀಗೆ ಎರಡು ದಿನ, ಬೆಳಿಗ್ಗೆ ಸಂಜೆ. ಮೂರನೇ ದಿನ ರಾಜ ಊಟ ಬಿಟ್ಟ. ಅವನ ಮಲ ಟಾರಿನಂತೆ ಕಪ್ಪಾಗಿತ್ತು.

ಅಂದು ಭಾನುವಾರ, ಹಾಗಾಗಿ ಬೇರೆ ಡಾಕ್ಟರ ಹತ್ತಿರ ಓಡಿದೆವು. ಅವರ ಮೊದಲ ಪ್ರಶ್ನೆ: "ಈಗ ಯಾವ ಔಷಧ ನಡೀತಿದೆ?" ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕಾಗದದ ಕವರನ್ನು ಅವರ ಮೇಜಿನ ಮೇಲಿಟ್ಟೆವು.

ಆ ಕವರಿನಲ್ಲಿ ಏನಿತ್ತು ಎಂಬುದನ್ನು ಆಮೇಲೆ ಹೇಳುತ್ತೇನೆ. ಮೊದಲು ಆ ಸಂದೇಶದ ವಿಷಯ.

ಒಳಗಿರುವುದು ಒಂದೇ ಎಂಬುದು ನಿಜವೇ?

ಎಷ್ಟೋ ಸಲ ನಿಜ. ಅಮಾಕ್ಸಿಸಿಲಿನ್-ಕ್ಲಾವುಲನೇಟ್, ಡಾಕ್ಸಿಸೈಕ್ಲಿನ್, ಪ್ರೆಡ್ನಿಸೊಲೋನ್, ಅಪಸ್ಮಾರಕ್ಕೆ ಕೊಡುವ ಫೀನೋಬಾರ್ಬಿಟಾಲ್ ಇವೆಲ್ಲ ನಮಗೂ ನಾಯಿಗೂ ಬಳಕೆಯಾಗುವ ಔಷಧಗಳೇ. ಪ್ರಾಣಿಗಳ ಡಾಕ್ಟರು ಮನುಷ್ಯರ ಮೆಡಿಕಲ್ ಶಾಪಿನಿಂದ ತರಲು ಹೇಳುವುದೂ ಉಂಟು, ಅದರಲ್ಲಿ ತಪ್ಪೇನಿಲ್ಲ. ಪ್ರಾಣಿಗಳಿಗೆಂದೇ ತಯಾರಾದ ಔಷಧದ ಲೇಬಲ್ ಮೇಲೆ ಸಾಕುಪ್ರಾಣಿಯ ತಲೆಯ ಚಿತ್ರ, 'ಮನುಷ್ಯರ ಬಳಕೆಗಲ್ಲ, ಪ್ರಾಣಿಗಳ ಚಿಕಿತ್ಸೆಗೆ ಮಾತ್ರ' ಎಂಬ ಅರ್ಥದ ಬರಹ ಇರಬೇಕು ಎಂದು ನಿಯಮವಿದೆ. ಒಳಗಿನ ಮೂಲವಸ್ತು ಮಾತ್ರ ಬಹಳ ಸಲ ನಮ್ಮ ಮಾತ್ರೆಯಲ್ಲಿರುವುದೇ.

ಆದರೆ ಆ ವಸ್ತು ಒಂದೇ ಆದ ಮಾತ್ರಕ್ಕೆ ದೇಹ ಒಂದೇ ಆಗುವುದಿಲ್ಲ. ನಾವು ನುಂಗಿದ ಔಷಧವನ್ನು ಯಕೃತ್ತು ಒಡೆದು ಹೊರಹಾಕುತ್ತದೆ. ಆ ಕೆಲಸ ಎಷ್ಟು ಬೇಗ ಆಗುತ್ತದೆ ಎಂಬುದು ಪ್ರಾಣಿಯಿಂದ ಪ್ರಾಣಿಗೆ ಬೇರೆ. ನ್ಯಾಪ್ರೋಕ್ಸೆನ್ ಎಂಬ ನೋವಿನ ಮಾತ್ರೆಯನ್ನೇ ನೋಡಿ. ರಕ್ತದಲ್ಲಿರುವ ಅದರ ಪ್ರಮಾಣ ಅರ್ಧಕ್ಕಿಳಿಯಲು ಮನುಷ್ಯರಲ್ಲಿ ಸುಮಾರು 12ರಿಂದ 17 ಗಂಟೆ ಬೇಕು. ನಾಯಿಯಲ್ಲಿ ಸುಮಾರು 74 ಗಂಟೆ, ಅಂದರೆ ಮೂರು ದಿನ. ನಮ್ಮಂತೆ ದಿನಕ್ಕೆರಡು ಸಲ ಕೊಟ್ಟರೆ ಹಳೆಯದು ಹೋಗುವ ಮೊದಲೇ ಹೊಸದು ಸೇರುತ್ತಾ ಹೋಗುತ್ತದೆ.

ಮನೆಯಲ್ಲಿ ಬೆಕ್ಕಿದ್ದರೆ ಇನ್ನೂ ಎಚ್ಚರ ಬೇಕು. ಪ್ಯಾರಾಸಿಟಮಾಲ್ ಅನ್ನು ನಿರಪಾಯಕಾರಿಯಾಗಿ ಒಡೆಯುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಬಹಳ ಕಡಿಮೆ. ಒಂದೇ ಮಾತ್ರೆ ಪ್ರಾಣ ತೆಗೆಯಬಲ್ಲದು.

ಅರ್ಧ ಮಾತ್ರೆಯ ಲೆಕ್ಕ

'ಅರ್ಧ ಮಾಡಿ ಕೊಡಿ' ಎನ್ನುವಾಗ ನಮ್ಮ ಮನಸ್ಸಿನಲ್ಲಿರುವುದು ಮಕ್ಕಳ ಲೆಕ್ಕ. ಚಿಕ್ಕ ದೇಹ, ಚಿಕ್ಕ ತುಂಡು. ತೂಕವನ್ನು ಯಾರೂ ನೋಡುವುದಿಲ್ಲ.

65 ಕೆಜಿಯ ಮನುಷ್ಯ 650 ಮಿಲಿಗ್ರಾಂ ಪ್ಯಾರಾಸಿಟಮಾಲ್ ನುಂಗಿದರೆ ಕೆಜಿಗೆ 10 ಮಿಲಿಗ್ರಾಂ ಆಯಿತು. ಅದೇ ಮಾತ್ರೆಯನ್ನು 5 ಕೆಜಿಯ ಪೊಮೆರೇನಿಯನ್‌ಗೆ ಇಡಿಯಾಗಿ ಕೊಟ್ಟರೆ ಕೆಜಿಗೆ 130. ಕೆಜಿಗೆ ನೂರು ದಾಟಿದರೆ ನಾಯಿಯ ಯಕೃತ್ತಿಗೆ ಹಾನಿಯಾಗುವ ಅಪಾಯವಿದೆ. ಅರ್ಧ ಮಾಡಿದರೂ 65 ಆಗುತ್ತದೆ, ಅದನ್ನು ದಿನಕ್ಕೆ ಮೂರು ಸಲ ಕೊಟ್ಟರೆ ಏನಾದೀತು ಎಂದು ನೀವೇ ಊಹಿಸಿ. ಪ್ಯಾರಾಸಿಟಮಾಲ್ ಅನ್ನು ಲೆಕ್ಕ ಹಾಕಿ ನಾಯಿಗೆ ಬಳಸುವ ಡಾಕ್ಟರಿದ್ದಾರೆ, ಅದು ಬೇರೆ ಮಾತು.

ಮೆಲಾಕ್ಸಿಕಾಂ ಎಂಬುದು ನಾಯಿಗಳ ಕೀಲುನೋವಿಗೆ ಡಾಕ್ಟರೇ ಬರೆಯುವ ಔಷಧ. ಮೊದಲ ದಿನ ಬಿಟ್ಟರೆ ಆಮೇಲೆ ಸಾಮಾನ್ಯವಾಗಿ ಕೆಜಿಗೆ 0.1 ಮಿಲಿಗ್ರಾಂ. 10 ಕೆಜಿ ನಾಯಿಗೆ ದಿನಕ್ಕೆ 1 ಮಿಲಿಗ್ರಾಂ ಆಯಿತು. ಮನುಷ್ಯರ ಮಾತ್ರೆ ಸಿಗುವುದು 7.5 ಮತ್ತು 15 ಮಿಲಿಗ್ರಾಂನಲ್ಲಿ. "ಡಾಕ್ಟರೇ ಬರೆದಿದ್ದ ಔಷಧ ಅಲ್ವಾ" ಎಂದು ಚಿಕ್ಕ ಮಾತ್ರೆಯನ್ನೇ ತಂದು ಕೊಟ್ಟರೂ ಏಳೂವರೆ ಪಟ್ಟು ಹೆಚ್ಚಾಯಿತು. (ಇದು ಅಳೆದು ಕೊಡಲಿ ಎಂದು ಹೇಳುತ್ತಿರುವ ಲೆಕ್ಕವಲ್ಲ. ವ್ಯತ್ಯಾಸ ಎಷ್ಟು ದೊಡ್ಡದು ಎಂದು ತೋರಿಸಲು ಅಷ್ಟೆ.)

ಹಾಗೆಂದು ನಾಯಿಗೆ ಯಾವಾಗಲೂ ಕಡಿಮೆಯೇ ಬೇಕು ಎಂದೂ ಇಲ್ಲ! ಥೈರಾಯ್ಡ್ ಕೊರತೆಗೆ ಕೊಡುವ ಲಿವೊಥೈರಾಕ್ಸಿನ್ ನೋಡಿ. 60 ಕೆಜಿಯ ಮನುಷ್ಯರಿಗೆ ದಿನಕ್ಕೆ ಸುಮಾರು 100 ಮೈಕ್ರೋಗ್ರಾಂ ಸಾಕಾದರೆ, 20 ಕೆಜಿಯ ನಾಯಿಗೆ ಒಂದು ಸಲಕ್ಕೇ 400 ಮೈಕ್ರೋಗ್ರಾಂ ಬರೆಯುವುದುಂಟು. ಆ ಚೀಟಿ ನೋಡಿ ಮೆಡಿಕಲ್ ಶಾಪಿನವರು "ಡಾಕ್ಟ್ರು ತಪ್ಪಾಗಿ ಬರೆದಿರಬೇಕು" ಎಂದು ಕಡಿಮೆ ಮಾಡಿಕೊಟ್ಟರೆ ನಾಯಿಯ ಕಾಯಿಲೆ ವಾಸಿಯಾಗುವುದಿಲ್ಲ. ನಾವು ಡಾಕ್ಟರನ್ನು ಬೈಯುತ್ತೇವೆ.

ಮಾತ್ರೆಯಷ್ಟೇ ಅಲ್ಲ, ಸಿರಪ್ಪಿನ ವಿಷಯದಲ್ಲೂ ಜಾಗ್ರತೆ ಬೇಕು. ಕೆಲವು ಸಕ್ಕರೆರಹಿತ ಸಿರಪ್ಪುಗಳಲ್ಲಿ ಸಿಹಿಗಾಗಿ ಜೈಲಿಟಾಲ್ ಹಾಕಿರುತ್ತಾರೆ. ನಮಗೆ ಅದರಿಂದ ತೊಂದರೆಯಿಲ್ಲ. ನಾಯಿಯಲ್ಲಿ ಅದು ಇನ್ಸುಲಿನ್ ಒಮ್ಮೆಗೇ ಸುರಿಯುವಂತೆ ಮಾಡಿ ರಕ್ತದ ಸಕ್ಕರೆಯನ್ನು ಕುಸಿಸುತ್ತದೆ, ಯಕೃತ್ತನ್ನೂ ಹಾಳುಮಾಡಬಲ್ಲದು. ಔಷಧದ ಹೆಸರು ಸರಿಯಿದ್ದು, ಅಳತೆ ಸರಿಯಿದ್ದು, ಜೊತೆಗೆ ಬೆರೆಸಿದ ಸಿಹಿಯಿಂದ ನಾಯಿ ಸಾಯಬಹುದು.

ಪಕ್ಕದ ಮನೆ ನಾಯಿಗೆ ವಾಸಿಯಾಯಿತಲ್ಲ?

ಉಣ್ಣೆ, ಕಜ್ಜಿ ಎಂದರೆ ಐವರ್‌ಮೆಕ್ಟಿನ್ ಹಾಕಿಸಿ ಎನ್ನುವ ಸಲಹೆ ನಮ್ಮಲ್ಲಿ ಬಹಳ ಕೇಳಿಬರುತ್ತದೆ. ಬಹುತೇಕ ನಾಯಿಗಳು ಅದನ್ನು ತಡೆದುಕೊಳ್ಳುತ್ತವೆ. ಕೋಲಿ, ಆಸ್ಟ್ರೇಲಿಯನ್ ಶೆಫರ್ಡ್, ಶೆಟ್‌ಲ್ಯಾಂಡ್ ಶೀಪ್‌ಡಾಗ್‌ನಂಥ ತಳಿಗಳಲ್ಲಿ, ಅವುಗಳ ಮಿಶ್ರತಳಿಗಳಲ್ಲಿ, ಎಂಡಿಆರ್1 ಎಂಬ ಜೀನ್‌ನಲ್ಲಿ ದೋಷ ಇರುವುದುಂಟು. ಔಷಧ ಮಿದುಳಿಗೆ ನುಗ್ಗದಂತೆ ತಡೆಯುವ ಕಾವಲುಗಾರ ಆ ಜೀನ್‌ನಿಂದ ತಯಾರಾಗುತ್ತಾನೆ. ಕಾವಲು ಇಲ್ಲದ ನಾಯಿಗೆ ಕಜ್ಜಿಗೆ ಕೊಡುವಷ್ಟು ಐವರ್‌ಮೆಕ್ಟಿನ್ ಹೋದರೆ ನಡುಕ, ತೂರಾಟ, ಕುರುಡು, ಕೋಮಾ ಬರಬಹುದು. ಒಬ್ಬರ ನಾಯಿಯ ಚೀಟಿಯನ್ನು ಇನ್ನೊಬ್ಬರ ನಾಯಿಗೆ ಬಳಸಬೇಡಿ ಎನ್ನುವುದು ಇದಕ್ಕೇ.

ಹಾಗಾದರೆ ಡಾಕ್ಟರ ಮೇಲಿನ ಸಿಟ್ಟು ತಪ್ಪೇ?

ತಪ್ಪಲ್ಲ. ಹೆಸರಿಲ್ಲದ ಕವರಿನಲ್ಲಿ ಬಿಡಿ ಮಾತ್ರೆ ಕೊಡುವುದು ಕೆಟ್ಟ ಅಭ್ಯಾಸ, ಇದನ್ನು ಸುತ್ತಿಬಳಸಿ ಹೇಳಬೇಕಾಗಿಲ್ಲ. ಡಾಕ್ಟರ ಕಡೆಯಿಂದಲೂ ಕಾರಣಗಳಿವೆ. ಎಷ್ಟೋ ಊರುಗಳಲ್ಲಿ ಪ್ರಾಣಿಗಳ ಔಷಧದ ಅಂಗಡಿಯೇ ಇರುವುದಿಲ್ಲ, ಹಾಗಾಗಿ ಕ್ಲಿನಿಕ್ಕಿನಲ್ಲೇ ಇಟ್ಟುಕೊಳ್ಳುತ್ತಾರೆ. ಹೆಸರು ಬರೆದುಕೊಟ್ಟರೆ ಜನ ಅದನ್ನೇ ಹಿಡಿದು ಆರು ತಿಂಗಳು ತಾವೇ ಕೊಡುತ್ತಾರೆ ಎಂಬ ಭಯವೂ ಸುಳ್ಳಲ್ಲ. ಮಾರಾಟದಲ್ಲಿ ಲಾಭವಿದೆ ಎಂಬುದೂ ಅಷ್ಟೇ ನಿಜ. ಈ ಅಸಮಾಧಾನ ನಮ್ಮಲ್ಲಿ ಮಾತ್ರ ಇರುವುದಲ್ಲ. ಬ್ರಿಟನ್ನಿನಲ್ಲಿ ಸ್ಪರ್ಧಾ ಮತ್ತು ಮಾರುಕಟ್ಟೆ ಪ್ರಾಧಿಕಾರವು 2024ರಲ್ಲಿ ಸಾಕುಪ್ರಾಣಿ ಚಿಕಿತ್ಸೆಯ ಮಾರುಕಟ್ಟೆಯ ಮೇಲೇ ವಿಧಿಬದ್ಧ ತನಿಖೆ ಆರಂಭಿಸಿತು. ಔಷಧದ ಬೆಲೆಯೂ ಅದರ ವ್ಯಾಪ್ತಿಯಲ್ಲಿತ್ತು.

ನಮ್ಮ ಕಾನೂನು ನಾಯಿಯ ಚೀಟಿಯನ್ನು ಮರೆತಿಲ್ಲ ಎಂಬುದು ಬಹಳ ಜನಕ್ಕೆ ಗೊತ್ತಿರುವುದಿಲ್ಲ. 1945ರ ಔಷಧ ನಿಯಮಗಳ 65ನೇ ನಿಯಮದ ಪ್ರಕಾರ ಔಷಧ ಚೀಟಿ ಬರಹದಲ್ಲಿರಬೇಕು, ಡಾಕ್ಟರ ಸಹಿ ಮತ್ತು ದಿನಾಂಕ ಇರಬೇಕು, ಒಟ್ಟು ಎಷ್ಟು ಔಷಧ ಕೊಡಬೇಕು ಮತ್ತು ಒಂದು ಸಲಕ್ಕೆ ಎಷ್ಟು ಎಂಬುದಿರಬೇಕು. ಔಷಧ ಪ್ರಾಣಿಗಾದರೆ ಅದರ ಮಾಲೀಕರ ಹೆಸರು, ವಿಳಾಸ ಇರಬೇಕು. ಇನ್ನೂ ಒಂದು ಸಾಲಿದೆ: ಮತ್ತೆ ಕೊಡಬಹುದು ಎಂದು ಡಾಕ್ಟರು ಬರೆಯದಿದ್ದರೆ ಆ ಚೀಟಿಗೆ ಒಂದೇ ಸಲ ಔಷಧ ಕೊಡಬೇಕು. "ಅದೇ ಮಾತ್ರೆಗೆ ಪ್ರತಿ ತಿಂಗಳೂ ನಾಯಿಯನ್ನು ಹೊತ್ತು ತರಬೇಕಾ?" ಎಂಬ ಗೊಣಗಾಟಕ್ಕೆ ಉತ್ತರ ಅರ್ಧ ಇಲ್ಲಿದೆ. ಎಷ್ಟು ಸಲ ಕೊಡಬಹುದು ಎಂದು ಬರೆದುಕೊಡಲು ಡಾಕ್ಟರನ್ನು ಕೇಳಬಹುದು. ಇನ್ನರ್ಧ ಉತ್ತರ ನಾಯಿಯ ದೇಹದಲ್ಲಿದೆ. ಫೀನೋಬಾರ್ಬಿಟಾಲ್ ಬಹುಕಾಲ ಕೊಟ್ಟರೆ ಯಕೃತ್ತನ್ನು, ನೋವಿನ ಮಾತ್ರೆ ಬಹುಕಾಲ ಕೊಟ್ಟರೆ ಮೂತ್ರಪಿಂಡವನ್ನು ಆಗಾಗ ರಕ್ತಪರೀಕ್ಷೆ ಮಾಡಿ ನೋಡಲೇಬೇಕು. ಅದನ್ನು ಹಣ ಕೀಳುವ ದಾರಿ ಎಂದುಕೊಂಡರೆ ನಷ್ಟ ನಾಯಿಗೆ.

ಕೇಳುವಾಗ ಬ್ರ್ಯಾಂಡ್ ಹೆಸರಿನ ಜೊತೆ ಔಷಧದ ಮೂಲ ಹೆಸರನ್ನೂ, ಅಂದು ತೂಗಿದ ನಾಯಿಯ ತೂಕವನ್ನೂ ಬರೆಯಲು ಹೇಳಿ. ತೂಕ ಬರೆದಿದ್ದರೆ ಬೇರೆ ಡಾಕ್ಟರು ಒಂದೇ ನೋಟಕ್ಕೆ ಅಳತೆ ಸರಿಯೋ ತಪ್ಪೋ ಹೇಳಬಲ್ಲರು. ಕ್ಲಿನಿಕ್ಕಿನಿಂದಲೇ ಮಾತ್ರೆ ಕೊಟ್ಟರೂ ಕವರಿನ ಮೇಲೆ ಹೆಸರು ಬರೆಸಿಕೊಳ್ಳಿ, ಇಲ್ಲವೇ ಸ್ಟ್ರಿಪ್ಪಿನ ಫೋಟೋ ತೆಗೆದುಕೊಳ್ಳಿ. "ನಿಮ್ಮ ಮೇಲೆ ಅನುಮಾನ" ಎಂಬ ಧಾಟಿಯಲ್ಲಿ ಕೇಳಿದರೆ ಜಗಳವಾಗುತ್ತದೆ. "ಸರ್, ರಾತ್ರಿ ಏನಾದ್ರೂ ಆದ್ರೆ ಬೇರೆಯವರಿಗೆ ಹೇಳೋಕೆ ಬೇಕು" ಎಂದರೆ ಬಹಳಷ್ಟು ಡಾಕ್ಟರು ಬರೆದುಕೊಡುತ್ತಾರೆ. ನಮ್ಮವರೂ ಕೊನೆಗೆ ಕೊಟ್ಟರು.

ಕವರಿನಲ್ಲಿ ಇದ್ದದ್ದು

ಆ ಭಾನುವಾರ ಎರಡನೇ ಡಾಕ್ಟರು ಮೊದಲಿನವರಿಗೆ ಫೋನ್ ಮಾಡಿ ವಿಚಾರಿಸಿದರು. ಬಿಳಿ ಮಾತ್ರೆ ಪ್ರೆಡ್ನಿಸೊಲೋನ್, ಒಂದು ಸ್ಟೀರಾಯ್ಡ್. ಕೆರೆತಕ್ಕೆ ಸರಿಯಾದ ಔಷಧವೇ. ಅಪ್ಪ ಕೊಟ್ಟ ನೋವಿನ ಮಾತ್ರೆಯಲ್ಲಿ 400 ಮಿಲಿಗ್ರಾಂ ಐಬುಪ್ರೊಫೆನ್ ಮತ್ತು 325 ಮಿಲಿಗ್ರಾಂ ಪ್ಯಾರಾಸಿಟಮಾಲ್ ಇತ್ತು. ಅರ್ಧ ಎಂದರೂ ರಾಜನಿಗೆ ಒಂದು ಸಲಕ್ಕೆ ಕೆಜಿಗೆ 14 ಮಿಲಿಗ್ರಾಂ ಐಬುಪ್ರೊಫೆನ್. 60 ಕೆಜಿಯ ಮನುಷ್ಯ ಇಡೀ ಮಾತ್ರೆ ನುಂಗಿದರೂ ಕೆಜಿಗೆ 7 ಆಗುವುದಿಲ್ಲ.

ಹೊಟ್ಟೆಯ ಒಳಪದರವನ್ನು ಆಮ್ಲದಿಂದ ಕಾಪಾಡಲು, ಮೂತ್ರಪಿಂಡಕ್ಕೆ ರಕ್ತ ಸರಿಯಾಗಿ ಹರಿಯಲು ಪ್ರೊಸ್ಟಗ್ಲ್ಯಾಂಡಿನ್ ಎಂಬ ವಸ್ತುಗಳು ಬೇಕು. ನೋವು, ಊತ ತರುವುದೂ ಅವೇ. ಐಬುಪ್ರೊಫೆನ್ ಅವುಗಳ ತಯಾರಿಯನ್ನು ತಡೆದು ನೋವು ಇಳಿಸುತ್ತದೆ, ಜೊತೆಗೆ ಕಾಪನ್ನೂ ಕಿತ್ತುಹಾಕುತ್ತದೆ. ನಾಯಿಯ ಹೊಟ್ಟೆ ಇದಕ್ಕೆ ನಮ್ಮದಕ್ಕಿಂತ ಬಹಳ ಸೂಕ್ಷ್ಮ. ಸ್ಟೀರಾಯ್ಡ್ ಕೂಡ ಇದೇ ತಯಾರಿಗೆ ಇನ್ನೊಂದು ಹಂತದಲ್ಲಿ ಅಡ್ಡಬರುತ್ತದೆ. ಎರಡೂ ಒಟ್ಟಿಗೆ ಹೋದಾಗ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸುರಿಯುತ್ತದೆ. ಅರಗಿದ ರಕ್ತವೇ ಆ ಕಪ್ಪು ಬಣ್ಣ.

ಕವರಿನ ಮೇಲೆ ಹೆಸರಿದ್ದಿದ್ದರೆ ಅಪ್ಪ ಆ ಮಾತ್ರೆ ಕೊಡುತ್ತಿರಲಿಲ್ಲವೇ? ನನಗೆ ಖಾತ್ರಿಯಿಲ್ಲ, ಪ್ರೆಡ್ನಿಸೊಲೋನ್ ಎಂದರೆ ಏನೆಂದು ಅವರಿಗೆ ಗೊತ್ತಿರಲಿಲ್ಲ. ಆದರೆ ಭಾನುವಾರ ಆ ಫೋನ್ ಕರೆ ಸಿಗುವವರೆಗಿನ ಮುಕ್ಕಾಲು ಗಂಟೆ ಉಳಿಯುತ್ತಿತ್ತು. ಅಪ್ಪ ತಾವು ಕೊಟ್ಟದ್ದನ್ನು ಮುಚ್ಚಿಡದೆ ಹೇಳಿದ್ದು ಆ ದಿನದ ದೊಡ್ಡ ಉಪಕಾರ. ಬೈಸಿಕೊಳ್ಳಬೇಕಲ್ಲ ಎಂದು ಸುಮ್ಮನಿದ್ದು, ಡಾಕ್ಟರು ಕುಂಟುವ ಕಾಲಿಗೆಂದು ಮೆಲಾಕ್ಸಿಕಾಂ ಚುಚ್ಚಿದ್ದಿದ್ದರೆ ಹೊಟ್ಟೆ ತೂತಾಗುವ ಸಾಧ್ಯತೆಯಿತ್ತು.

ನಿಮ್ಮ ಮನೆಯಲ್ಲೂ ಇಂಥದ್ದು ಆಗಿಬಿಟ್ಟಿದ್ದರೆ ವಾಂತಿ, ಕಪ್ಪು ಮಲ ಶುರುವಾಗಲಿ ಎಂದು ಕಾಯಬೇಡಿ. ಯಾವ ಮಾತ್ರೆ, ಎಷ್ಟು, ಎಷ್ಟು ಗಂಟೆಗೆ ಎಂದು ಬರೆದುಕೊಂಡು, ಸ್ಟ್ರಿಪ್ ಸಮೇತ ಡಾಕ್ಟರ ಹತ್ತಿರ ಹೋಗಿ. ದಾರಿಯಲ್ಲೇ ಫೋನ್ ಮಾಡಿ ತಿಳಿಸಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಉಪಾಯವೂ ಫಾರ್ವರ್ಡ್‌ಗಳಲ್ಲಿ ಓಡಾಡುತ್ತದೆ, ಅದನ್ನು ಮಾಡಬೇಡಿ. ಉಪ್ಪು ಹೆಚ್ಚಾದರೆ ಅದೇ ಇನ್ನೊಂದು ವಿಷ.

ರಾಜ ಐದು ದಿನ ಡ್ರಿಪ್ ಹಾಕಿಸಿಕೊಂಡು ಮನೆಗೆ ಬಂದ. ಕೆರೆತ ಮಳೆಗಾಲಕ್ಕೆ ಮತ್ತೆ ಬರುತ್ತದೆ, ಹೋಗುವುದು ಆ ಮೊದಲಿನ ಡಾಕ್ಟರ ಹತ್ತಿರವೇ. ಈಗ ಅವರು ಕವರಿನ ಮೇಲೆ ಹೆಸರು, ಮಿಲಿಗ್ರಾಂ, ತೂಕ ಮೂರನ್ನೂ ಬರೆಯುತ್ತಾರೆ. ಅಕ್ಷರ ಮಾತ್ರ ಓದಲಾಗುವುದಿಲ್ಲ, ಅಲ್ಲೇ ನಿಂತು ಓದಿಸಿಕೊಂಡು ಬರುತ್ತೇವೆ.