ಸಾಕುಮನೆಯ ಕಟ್ಟುಪಾಡುಗಳನ್ನು ಅಳೆಯುವ ಬಗೆ



ನಮ್ಮ ಶಾಲೆಯಲ್ಲಿ ಓದಿದವರಿಗೆ ಸಂತ ಮೇರಿ ದ್ವೀಪದ ವಿಹಾರವನ್ನು ನಾವು ನೆನಪು ಮಾಡಿಕೊಡಬೇಕಾಗಿಲ್ಲ. ಮಲ್ಪೆಯಿಂದ ದೋಣಿ ಹೊರಟು, ಕಂಬಗಳಂತೆ ನಿಂತ ಆ ಕರಿಯ ಕಲ್ಲುಗಳು ಕಣ್ಣಿಗೆ ಬೀಳುವ ವರೆಗಿನ ಸಂತೋಷವನ್ನು ನೀವೆಲ್ಲರೂ ಬಲ್ಲಿರಿ. ಕೆಲವು ವರುಷಗಳ ಹಿಂದೆ ಇಂಥ ಒಂದು ವಿಹಾರದ ದಿನ ಒಬ್ಬ ಹುಡುಗಿ ಮಾತ್ರ ಶಾಲೆಯ ಜಗಲಿಯಲ್ಲಿ ಉಳಿದುಕೊಂಡಳು. ಆಕೆಗೆ ಜ್ವರವಿರಲಿಲ್ಲ, ಹಣದ ಕೊರತೆಯೂ ಇರಲಿಲ್ಲ. ಆಕೆಯು ಸಾಕುಮನೆಯಲ್ಲಿದ್ದ ಹುಡುಗಿ. ನಾವು ಮನೆಗಳಿಗೆ ಕಳುಹಿಸಿದ ಕಾಗದದಲ್ಲಿ "ತಂದೆ ಅಥವಾ ತಾಯಿಯ ರುಜು" ಎಂದು ಅಚ್ಚಾಗಿತ್ತು. ರುಜು ಹಾಕುವ ಹಕ್ಕು ತನಗಿದೆಯೋ ಇಲ್ಲವೋ, ಕಡಲಿನಲ್ಲಿ ಏನಾದರೂ ಆದರೆ ಯಾರು ಉತ್ತರ ಕೊಡಬೇಕೋ ಎಂದು ಸಾಕುತಾಯಿ ಹೆದರಿದರು. ಅವರ ಹೆದರಿಕೆಗೆ ಕಾರಣವಾದದ್ದು ನಮ್ಮ ಕಾಗದವೇ. ಸಂಜೆ ಆ ಹುಡುಗಿ, "ಟೀಚರ್, ನಾನು ಎಲ್ಲರ ಹಾಗೆ ಯಾವಾಗ ಆಗುವದು?" ಎಂದು ಕೇಳಿದಳು. ಆ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ.

ಸಾಕುಮನೆ ಎಂದರೇನು? ಅದು ದತ್ತಲ್ಲ. ಹೆತ್ತವರು ಇಲ್ಲದೆ ಹೋದಾಗ, ಅಥವಾ ಇದ್ದೂ ಸಾಕಲಾರದೆ ಇರುವಾಗ, ಸರಕಾರದವರು ತಕ್ಕದ್ದೆಂದು ಕಂಡುಕೊಂಡ ಇನ್ನೊಂದು ಕುಟುಂಬವು ಮಗುವನ್ನು ಕೆಲವು ಕಾಲ ತನ್ನಲ್ಲಿಟ್ಟುಕೊಂಡು ಸಾಕುವದೇ ಇದರ ಅರ್ಥ. ನಮ್ಮ ದೇಶದಲ್ಲಿ 2015ನೇ ಇಸವಿಯ ಬಾಲನ್ಯಾಯ ಕಾಯಿದೆಯ 44ನೇ ಕಲಮು ಇದನ್ನು ವಿಧಿಸುತ್ತದೆ. ಮಗುವನ್ನು ಒಪ್ಪಿಸುವ ಆಜ್ಞೆಯನ್ನು ಮಕ್ಕಳ ಕಲ್ಯಾಣ ಸಮಿತಿಯು ಕೊಡುತ್ತದೆ. ಮಗುವಿನ ಯೋಗಕ್ಷೇಮವನ್ನು ತಿಂಗಳಿಗೊಮ್ಮೆ ವಿಚಾರಿಸುವ ಹೊಣೆಯೂ ಸಮಿತಿಯದೇ. ಮಗುವನ್ನು ಸಂಸ್ಥೆಯಲ್ಲಿಡುವದು ಬೇರೆ ದಾರಿಯಿಲ್ಲದಾಗ ಮಾತ್ರ ಹಿಡಿಯತಕ್ಕ ಕಡೆಯ ಉಪಾಯವೆಂಬದು ಅದೇ ಕಾಯಿದೆಯ ಮೂಲತತ್ತ್ವಗಳಲ್ಲೊಂದು. 2024ರಲ್ಲಿ ಕೇಂದ್ರ ಸರಕಾರವು ಪ್ರಕಟಿಸಿದ ಮಾದರಿ ನಿಯಮಗಳ ಪ್ರಕಾರ, ದಂಪತಿಗಳು ಮಾತ್ರವಲ್ಲದೆ ಮದುವೆಯಾಗದವರು, ವಿಧವೆಯರು ಮುಂತಾದ ಒಂಟಿಯಾಗಿರುವವರು ಸಹ ಈ ಭಾರವನ್ನು ವಹಿಸಿಕೊಳ್ಳಬಹುದು.

ಹೆರವರ ಮಕ್ಕಳನ್ನು ಸಾಕುವದು ನಮ್ಮ ಕರಾವಳಿಗೆ ಹೊಸತೇನೂ ಅಲ್ಲ. ಅಳಿಯಸಂತಾನದ ಕಟ್ಟು ನಡೆಯುತ್ತಿದ್ದ ಕಾಲದಲ್ಲಿ ತಂದೆಯನ್ನು ಕಳಕೊಂಡ ಮಗು ತಾಯಿಯ ತರವಾಡು ಮನೆಯಲ್ಲಿ ಮಾವಂದಿರ ಆಸರೆಯಲ್ಲಿ ಬೆಳೆಯುತ್ತಿತ್ತು. ಬಾಸೆಲ್ ಮಿಶನಿನವರು ಮೂಲ್ಕಿಯಲ್ಲಿ ಹೆಣ್ಣುಮಕ್ಕಳಿಗಾಗಿ ಅನಾಥಶಾಲೆಯನ್ನು ನಡಿಸಿದರು. ಇಂಥ ಶಾಲೆಗಳಿಂದ ಅನೇಕರಿಗೆ ಅನ್ನವೂ ಅಕ್ಷರವೂ ದೊರಕಿದವು. ಅದಕ್ಕಾಗಿ ನಾವು ಋಣಿಗಳು. ಆದರೆ ಅನೇಕ ಮಕ್ಕಳು ಒಟ್ಟಾಗಿರುವಲ್ಲಿ ಗಂಟೆಯೇ ಯಜಮಾನ. ಏಳುವದು, ಉಣ್ಣುವದು, ಓದುವದು, ಮಲಗುವದು ಎಲ್ಲವೂ ಒಂದೇ ಗಂಟೆಗೆ ನಡೆಯಬೇಕು. ಮನೆಯಲ್ಲಾದರೋ ಮಗು ತಾಯಿಯೊಡನೆ, "ಇವತ್ತು ಗಂಜಿ ಬೇಡ" ಎಂದು ಹಟ ಹಿಡಿಯಬಹುದು.

ಹೀಗಿರಲಾಗಿ, ಒಂದು ವಾಸಸ್ಥಳವು ಮಗುವನ್ನು ಎಷ್ಟು ಬಿಗಿಯಾಗಿ ಕಟ್ಟಿಹಾಕುತ್ತದೆಂಬದನ್ನು ಅಳೆಯಲಾದೀತೇ? ಆದೀತೆಂದು ಅಮೇರಿಕಾ ದೇಶದ ರಾಬರ್ಟ್ ಹಾಕಿನ್ಸ್ ಮತ್ತು ಅವರ ಸಂಗಡಿಗರು 1992ರಲ್ಲಿ ತೋರಿಸಿದರು. ಮಕ್ಕಳು ವಾಸಿಸುವ ಬಗೆಬಗೆಯ ಸ್ಥಳಗಳನ್ನು ಪಟ್ಟಿಮಾಡಿ, ಈ ಕೆಲಸದಲ್ಲಿ ಅನುಭವವುಳ್ಳವರಿಂದ ಪ್ರತಿಯೊಂದಕ್ಕೂ ಅಂಕಗಳನ್ನು ಕೊಡಿಸಿ, ಒಂದು ಅಳತೆಗೋಲನ್ನು ಸಿದ್ಧಮಾಡಿದರು. ಅದರ ಮೇಲ್ತುದಿಯಲ್ಲಿ ಸೆರೆಮನೆ, ಕೆಳತುದಿಯಲ್ಲಿ ಸ್ವತಂತ್ರ ವಾಸ. ಬಂಧುಗಳ ಮನೆಗಿಂತ ಸಾಕುಮನೆಗೆ ಹೆಚ್ಚು ಅಂಕ. ಸಾಕುಮನೆಗಿಂತ ಮಕ್ಕಳು ಗುಂಪಾಗಿರುವ ಗೃಹಕ್ಕೆ ಇನ್ನೂ ಹೆಚ್ಚು. ಮಗು ಯಾವ ಸ್ಥಳದಲ್ಲಿ ಎಷ್ಟು ದಿನ ಇತ್ತೆಂದು ಲೆಕ್ಕ ಹಾಕಿ ಸರಾಸರಿ ತೆಗೆದರೆ, ಅದು ವರುಷದಿಂದ ವರುಷಕ್ಕೆ ಬಿಡುಗಡೆಯ ಕಡೆಗೆ ಸಾಗುತ್ತಿದೆಯೋ ಬಂಧನದ ಕಡೆಗೆ ಸಾಗುತ್ತಿದೆಯೋ ತಿಳಿಯುವದು.

ಈ ಅಳತೆಗೋಲು ಉಪಯುಕ್ತವಾದರೂ ಇದಕ್ಕೊಂದು ಕುಂದಿದೆ. ಅದು ಮನೆಯ ಹೆಸರನ್ನು ನೋಡುವದೇ ಹೊರತು ಮನೆಯ ಒಳಗನ್ನು ನೋಡುವದಿಲ್ಲ. "ಸಾಕುಮನೆ" ಎಂಬ ಒಂದೇ ಹೆಸರಿನ ಕೆಳಗೆ ಮಗುವನ್ನು ಮಡಿಲಲ್ಲಿಟ್ಟುಕೊಂಡ ಮನೆಯೂ ಇರಬಹುದು, ಅಡಿಗೆಮನೆಯ ಕಪಾಟಿಗೆ ಬೀಗ ಹಾಕಿದ ಮನೆಯೂ ಇರಬಹುದು. ಆದುದರಿಂದ 2009ರಲ್ಲಿ ಮೇರಿ ಎಲಿಜಬೆತ್ ರೌಕ್ಟಿಸ್ ಮತ್ತು ಅವರ ಜೊತೆಗಾರರು ಅಳೆಯುವ ಬೇರೊಂದು ಬಗೆಯನ್ನು ಮುಂದಿಟ್ಟರು. ಸ್ಥಳದ ಹೆಸರನ್ನು ಬಿಟ್ಟು, ಈ ಒಂದು ಮಗುವಿಗೆ ಇಲ್ಲಿ ಯಾವ ಯಾವ ನಿರ್ಬಂಧಗಳಿವೆ, ಅವು ಅದರ ಪ್ರಾಯಕ್ಕೆ ತಕ್ಕವುಗಳೋ ಎಂದು ಕೇಳಬೇಕೆಂಬದು ಇದರ ಸಾರ. ಆರು ವರುಷದ ಮಗು ಒಂಟಿಯಾಗಿ ಬೀದಿ ದಾಟಕೂಡದೆಂಬದು ಕಾಪು. ಹದಿನಾರು ವರುಷದವಳಿಗೆ ಅದನ್ನೇ ವಿಧಿಸಿದರೆ ಅದು ಕಟ್ಟು.

ಈ ತತ್ತ್ವವನ್ನು ನಮ್ಮ ಊರಿನ ರೀತಿಗೆ ಹೊಂದಿಸಿ, ಯಾವ ಗೃಹಿಣಿಯೂ ತನ್ನನ್ನು ತಾನೇ ಕೇಳಿಕೊಳ್ಳಬಹುದಾದ ಐದು ಪ್ರಶ್ನೆಗಳನ್ನು ನಾವು ಕೆಳಗೆ ಬರೆದಿದ್ದೇವೆ.

1. ಓಡಾಟ. ಅದೇ ಪ್ರಾಯದ ನೆರೆಮನೆಯ ಮಗು ಹೋಗುವಷ್ಟು ದೂರ ಈ ಮಗುವೂ ಹೋಗಬಹುದೋ?

2. ನಂಟು. ಒಡಹುಟ್ಟಿದವರನ್ನೂ ಹೆತ್ತವರನ್ನೂ ಗೆಳತಿಯರನ್ನೂ ಕಂಡು ಮಾತಾಡಲು ಅದಕ್ಕೆ ಆಸ್ಪದವಿದೆಯೋ? ಹೆತ್ತವರು ಬಂದು ಕಾಣುವದರಿಂದ ಮಗುವಿಗೆ ಕೇಡೆಂದು ಸಮಿತಿಗೆ ತೋರಿದ ಹೊರತು ಅವರು ಬಂದು ಕಾಣಬಹುದೆಂದು ಕಾಯಿದೆಯೇ ಹೇಳುತ್ತದೆ.

3. ಸ್ವಂತದ್ದು. ತನ್ನದೆನ್ನಲು ಒಂದು ಪೆಟ್ಟಿಗೆ, ಮಲಗಲು ಒಂದು ಜಾಗ, ಹೇಳದೆ ಯಾರೂ ತೆರೆಯದ ಒಂದು ಪುಸ್ತಕ ಇದೆಯೋ?

4. ಆಯ್ಕೆ. ಉಡುವದರಲ್ಲಿ, ಉಣ್ಣುವದರಲ್ಲಿ, ಕಲಿಯುವದರಲ್ಲಿ ಅದರ ಮಾತು ಒಮ್ಮೆಯಾದರೂ ನಡೆಯುತ್ತದೋ?

5. ಶಿಕ್ಷೆ. ತಪ್ಪು ಮಾಡಿದಾಗ "ನಿನ್ನನ್ನು ಹಿಂದಕ್ಕೆ ಕಳುಹಿಸುತ್ತೇವೆ" ಎಂದು ಬೆದರಿಸುವದುಂಟೋ? ಪೆಟ್ಟಿಗಿಂತಲೂ ಈ ಮಾತು ಕಠಿಣವಾದದ್ದು.

ಪ್ರತಿಯೊಂದಕ್ಕೂ ಉತ್ತರ ಬರೆದ ಮೇಲೆ ಇನ್ನೊಂದನ್ನು ಕೇಳಿರಿ: ಈ ನಿಯಮವು ನಮ್ಮ ಸ್ವಂತ ಮಗಳಿಗೂ ಇದೆಯೋ? ಇಲ್ಲವಾದರೆ, ಈ ಮಗುವಿಗೆ ಮಾತ್ರ ಬೇಕಾದ ಕಾರಣವೇನು? ಅಪಾಯವೋ, ನಮ್ಮ ಅನುಕೂಲವೋ? ಇವೇ ಪ್ರಶ್ನೆಗಳನ್ನು ಮಗುವಿನೊಡನೆಯೂ ಕೇಳಿರಿ. ದೊಡ್ಡವರ ಉತ್ತರಕ್ಕೂ ಮಗುವಿನ ಉತ್ತರಕ್ಕೂ ಎಷ್ಟು ಅಂತರವಿದೆಯೋ ಅಷ್ಟು ತಿದ್ದಿಕೊಳ್ಳತಕ್ಕದ್ದಿದೆ.

ಹಾಗಾದರೆ ಕಟ್ಟೇ ಇಲ್ಲದ ಮನೆ ಉತ್ತಮವೋ? ಹಾಗಲ್ಲ. ಮಗು ಎಲ್ಲಿಗೆ ಹೋಯಿತೆಂದು ಕೇಳದ ಮನೆ ಸ್ವಾತಂತ್ರ್ಯ ಕೊಟ್ಟ ಮನೆಯಲ್ಲ, ಉದಾಸೀನದ ಮನೆ. ಜೂನ್ ಜುಲೈ ತಿಂಗಳುಗಳಲ್ಲಿ ಕಡಲು ಮೊರೆಯುವಾಗ ನೀರಿಗೆ ಇಳಿಯಕೂಡದೆಂದು ಮಲ್ಪೆಯ ಪ್ರತಿಯೊಬ್ಬ ತಾಯಿಯೂ ಮಕ್ಕಳಿಗೆ ಹೇಳುತ್ತಾಳೆ. ಅದು ಪ್ರೀತಿಯ ಕಟ್ಟು, ಎಲ್ಲ ಮಕ್ಕಳಿಗೂ ಒಂದೇ. ದಶಂಬರದ ಶಾಂತವಾದ ಕಡಲಿಗೆ ಎಲ್ಲರೂ ಹೊರಟಾಗ ಒಬ್ಬಳನ್ನು ಮಾತ್ರ ಜಗಲಿಯಲ್ಲಿ ಕೂರಿಸುವ ಕಟ್ಟು ಬೇರೆ ಬಗೆಯದು.

ಈ ತೊಂದರೆ ನಮ್ಮೊಬ್ಬರದೇ ಅಲ್ಲ. ಅಮೇರಿಕಾದಲ್ಲಿಯೂ ಸಾಕುಮನೆಯ ಮಕ್ಕಳು ಗೆಳತಿಯ ಮನೆಯಲ್ಲಿ ಒಂದು ರಾತ್ರಿ ಕಳೆಯುವದಕ್ಕೂ ಶಾಲೆಯ ಪ್ರವಾಸಕ್ಕೆ ಹೋಗುವದಕ್ಕೂ ಅಡ್ಡಿಗಳಿದ್ದವು. 2014ರಲ್ಲಿ ಅಲ್ಲಿ ಒಂದು ಕಾಯಿದೆಯಾಯಿತು. ವಿವೇಕಿಯಾದ ತಾಯಿ ಅಥವಾ ತಂದೆ ತನ್ನ ಮಗುವಿನ ವಿಷಯದಲ್ಲಿ ಯಾವ ತೀರ್ಮಾನವನ್ನು ಮಾಡುವರೋ ಅದನ್ನೇ ಸಾಕುವವರೂ ಮಾಡಬಹುದೆಂದು ಅದು ಅವರಿಗೆ ಧೈರ್ಯ ಕೊಟ್ಟಿತು.

ಪರರನ್ನು ಅಳೆಯುವ ಮೊದಲು ನಮ್ಮನ್ನು ಅಳೆದುಕೊಳ್ಳಬೇಕಷ್ಟೆ. ಮೇಲಿನ ಐದು ಪ್ರಶ್ನೆಗಳನ್ನು ನಮ್ಮ ವಸತಿಗೃಹದ ಹುಡುಗಿಯರಿಗೆ ಕೊಟ್ಟು, ಹೆಸರು ಹಾಕದೆ ಉತ್ತರ ಬರೆಯಿರೆಂದೆವು. ಮನೆಗೆ ಫೋನು ಮಾಡುವಾಗ ಮೇಟ್ರನ್ ಪಕ್ಕದಲ್ಲೇ ನಿಂತಿರುವದರಿಂದ ಅಮ್ಮನೊಡನೆ ಮನಸ್ಸು ಬಿಚ್ಚಿ ಮಾತಾಡಲಾಗುವದಿಲ್ಲವೆಂದು ಹಲವರು ಬರೆದಿದ್ದರು. ಆ ನಿಯಮ ಯಾಕೆ ಬಂತೆಂದು ವಿಚಾರಿಸಿದರೆ ನಮ್ಮಲ್ಲಿ ಯಾರಿಗೂ ನೆನಪಿರಲಿಲ್ಲ. ಅದನ್ನು ತೆಗೆದುಹಾಕಿದೆವು. ಸಂಜೆಯ ಹಾಜರಿಯನ್ನು ಮಾತ್ರ ಉಳಿಸಿಕೊಂಡೆವು, ಯಾಕಂದರೆ ಅದಕ್ಕೆ ಕಾರಣ ಹೇಳಲು ನಮ್ಮಿಂದಾಯಿತು, ಹುಡುಗಿಯರೂ ಒಪ್ಪಿಕೊಂಡರು.

ನಿಮ್ಮಲ್ಲಿ ಯಾರಾದರೂ ಒಂದು ಮಗುವಿಗೆ ಮನೆಯ ಬಾಗಿಲು ತೆರೆಯಬೇಕೆಂದಿದ್ದರೆ ನಮ್ಮ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಿರಿ. ಅಷ್ಟು ಸಾಧ್ಯವಾಗದವರು ನೆರೆಯ ಸಾಕುಮನೆಯ ಮಗುವನ್ನು ನಿಮ್ಮ ಮಕ್ಕಳ ಹುಟ್ಟುಹಬ್ಬಕ್ಕೆ ಕರೆಯಿರಿ. ಎಲ್ಲರ ಹಾಗೆ ಆಗುವದೆಂದರೆ ಇಂಥ ಚಿಕ್ಕ ಸಂಗತಿಗಳೇ.

ನಮ್ಮ ಶಾಲೆಯ ವಿಹಾರದ ಕಾಗದದಲ್ಲಿ ಈಗ "ತಂದೆ, ತಾಯಿ ಅಥವಾ ಸಾಕುವವರ ರುಜು" ಎಂದು ಅಚ್ಚಾಗುತ್ತದೆ. ಮರುವರುಷ ಆ ಹುಡುಗಿ ದೋಣಿಯ ಮುಂದಿನ ಹಲಗೆಯ ಮೇಲೆ ಗೆಳತಿಯರ ನಡುವೆ ಕೂತಿದ್ದಳು. ಎಣಿಸುವಾಗ ಯಾವಳು ಆಕೆಯೆಂದು ನಾವು ಹುಡುಕಬೇಕಾಯಿತು.